ಹೊಳೆದಂಡೆಗೆ ಸೈಕಲ್ ಹಾದಿ ಬರ್ತಿದೆಯಾ? ಜೆಸಿಬಿ ಬರೋ ಮುಂಚೆ ಈ ನಾಲ್ಕು ಕೆಲಸ ಮುಗಿಸಿ

ಶಿವಮೊಗ್ಗದಲ್ಲಿ ತುಂಗಾ ನದಿಯ ಉತ್ತರ ದಂಡೆ ನೋಡಿದ್ದೀರಾ? ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಲ್ಲಿ ವಾಕಿಂಗ್ ಮತ್ತು ಸೈಕಲ್ ಹಾದಿ ಮಾಡಿದ್ದಾರೆ. ಅದನ್ನು ನೋಡಿ ಬಂದ ನಮ್ಮೂರ ಹುಡುಗರು ಗ್ರಾಮಸಭೆಯಲ್ಲಿ ಕೇಳಿದರು: "ನಮ್ಮ ದಂಡೆಗೂ ಒಂದು ಹಾದಿ ಯಾಕಾಗಬಾರದು?"

ಕೇಳಿದ್ದು ಸರಿಯಾಗೇ ಇದೆ. ನಮ್ಮ ಮಕ್ಕಳು ಲಾರಿ ಓಡಾಡೋ ರಸ್ತೆಯಲ್ಲೇ ಸೈಕಲ್ ತುಳಿದು ಶಾಲೆಗೆ ಹೋಗ್ತಾರೆ. ಆದರೆ ಪೇಟೆಯವರಿಗೆ ಹೊಳೆದಂಡೆ ಅಂದ್ರೆ ಗಾಳಿ ತಗೊಳ್ಳೋ ಜಾಗ. ನಮಗೆ ಅದು ತೋಟದ ಅಂಚು, ಪಂಪ್‌ಸೆಟ್ ಇರೋ ಜಾಗ. ದಂಡೆಯಲ್ಲೇ ಅಡಿಕೆ ತೋಟ ಇರುವ ನಾನು ಹಾದಿಗೆ ಒಪ್ಪಿದ್ದೇನೆ. ಆದರೆ ಈ ನಾಲ್ಕು ವಿಷಯ ಮೊದಲು ತೀರ್ಮಾನವಾಗಲಿ ಅಂದಿದ್ದೇನೆ.

1. ಗಡಿ: ದಿಶಾಂಕ್ ಆ್ಯಪ್ ತೆರೆದು ದಂಡೆ ಮೇಲೆ ನಿಂತರೆ ಸರ್ವೆ ನಂಬರ್ ತೋರಿಸುತ್ತೆ. ಅದು ಅಂದಾಜಿಗೆ ಮಾತ್ರ. ಗಡಿ ಗಟ್ಟಿಯಾಗಬೇಕಾದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಿ. ಪಹಣಿಯಲ್ಲಿ ಖರಾಬು ಎಷ್ಟಿದೆ ನೋಡಿ: 'ಬಿ' ಖರಾಬು ಸಾರ್ವಜನಿಕ ಜಾಗ, 'ಎ' ಖರಾಬು ಹಾಗಲ್ಲ. ಪಟ್ಟಾ ಜಮೀನನ್ನು ಸ್ವಾಧೀನ ಮಾಡಿಕೊಂಡರೆ 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರದ ಜೊತೆ ಶೇ. 100 ಸೊಲೇಷಿಯಂ ಕೊಡಬೇಕು. ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನದೊಳಗೆ ತಕರಾರು ಸಲ್ಲಿಸಬಹುದು. ಓದದೆ ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಬೇಡಿ.

2. ಪೈಪ್‌ಲೈನ್: ಪೈಪ್ ದಾಟುವ ಕಡೆಯೆಲ್ಲಾ ಹಾದಿ ಕೆಳಗೆ ಹ್ಯೂಮ್ ಪೈಪ್ ಹಾಕಿಸಿ, ಅದರೊಳಗೆ ನಿಮ್ಮ ಪೈಪ್ ತೂರಿಸಿ. ನಾಳೆ ಪೈಪ್ ಒಡೆದರೆ ಹಾದಿ ಅಗೆಯದೆ ಎಳೆದು ತೆಗೆಯಬಹುದು. ಕೇಬಲ್‌ಗೆ ಬೇರೆಯೇ ಕೊಳವೆ ಇರಲಿ.

3. ಮರ: ಹೊಂಗೆ, ನೇರಳೆ, ಹೊಳೆಮತ್ತಿ, ಬಿದಿರು ಇವುಗಳ ಬೇರೇ ದಂಡೆಯನ್ನು ಹಿಡಿದಿರೋದು. ಹಾದಿ ನೇರ ಬರಲಿ ಅಂತ ಅವನ್ನು ಕಡಿದರೆ ಎರಡು ಮಳೆಗಾಲದಲ್ಲಿ ಹಾದಿಯೂ ಹೋಗುತ್ತೆ, ತೋಟದ ಅಂಚೂ ಹೋಗುತ್ತೆ. ಮರ ಬಳಸಿ ಹಾದಿ ತಿರುಗಲಿ. ಬೋಳಾದ ಕಡೆ ಲಾವಂಚ ನೆಡಿ.

4. ನೀರು: ಗಾಜನೂರಿನಲ್ಲಿ ಗೇಟ್ ತೆಗೆದಾಗ, ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ಕೇಳೋದು ನಮ್ಮ ಕಡೆಯ ರೂಢಿ. ಅಷ್ಟು ನೀರು ಬರೋ ಜಾಗದಲ್ಲಿ ಹಾದಿಯನ್ನು ಎತ್ತರದ ಏರಿಯಂತೆ ಕಟ್ಟಿದರೆ ತೋಟದ ಬಸಿನೀರು ಹೊಳೆಗೆ ಇಳಿಯಲ್ಲ; ಅಡಿಕೆ ಬೇರು ಕೊಳೆಯುತ್ತೆ. ಬಸಿಗಾಲುವೆ ಹೊಳೆ ಸೇರುವ ಪ್ರತಿ ಜಾಗದಲ್ಲೂ ಮೋರಿ ಬೇಕು. ಅದರ ಹೂಳು ತೆಗೆಯೋದು ಯಾರ ಕೆಲಸ ಅನ್ನೋದೂ ಸಭೆಯ ನಡಾವಳಿಯಲ್ಲಿ ಬರೆದಿರಲಿ.

ಈ ವಾರ ಒಂದು ಕೆಲಸ ಮಾಡಿ. ಮೊಬೈಲಲ್ಲಿ ಲೊಕೇಶನ್ ಆನ್ ಮಾಡಿ ನಿಮ್ಮ ಪಂಪ್, ಪೈಪ್, ಬಸಿಗಾಲುವೆ, ದೊಡ್ಡ ಮರಗಳ ಫೋಟೊ ತೆಗೆದಿಡಿ. ಇಂಜಿನಿಯರ್ ನಕ್ಷೆ ಹರಡಿದಾಗ "ಇಲ್ಲಿ ಏನೂ ಇಲ್ವಲ್ಲ" ಅಂದ್ರೆ, ತೋರಿಸೋಕೆ ನಿಮ್ಮ ಕೈಯಲ್ಲಿ ದಾಖಲೆ ಇರುತ್ತೆ.