ಕಿಡ್ನಿ ಕಲ್ಲು: ಕೊಯ್ತದ ಭಯಕ್ಕಿಂತ ತಡವೇ ಅಪಾಯ

ಪಕ್ಕೆಯಲ್ಲಿ ಹುಟ್ಟಿ ತೊಡೆಸಂದಿಗೆ ಇಳಿಯುವ ಆ ನೋವನ್ನು ಒಮ್ಮೆ ಉಂಡವರು ಮರೆಯಲಾರರು. ಆದರೂ 'ಆಪರೇಷನ್' ಎಂದೊಡನೆ ಹೆದರಿ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದೂಡುವವರು ಬಹಳ. ಈ ಹೆದರಿಕೆಯ ಹಿಂದಿರುವ ಕೆಲವು ನಂಬಿಕೆಗಳನ್ನು ನೋಡೋಣ.

ತಪ್ಪು ಕಲ್ಪನೆ: ಕಲ್ಲು ತೆಗೆಯಬೇಕೆಂದರೆ ಪಕ್ಕೆ ಕೊಯ್ಯಲೇಬೇಕು.
ಸತ್ಯ: ಆ ಕಾಲ ಹೋಯಿತು. ಬೆನ್ನಿನ ಸಣ್ಣ ರಂಧ್ರದಿಂದ ಕಲ್ಲು ತೆಗೆಯುವ ಪಿಸಿಎನ್ಎಲ್ ವಿಧಾನವನ್ನು ಸ್ವೀಡನ್ನಿನ ವೈದ್ಯರು 1976ರಲ್ಲೇ ವರದಿ ಮಾಡಿದರು. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ದೇಹದ ಹೊರಗಿನಿಂದ ಆಘಾತ ತರಂಗ ಹಾಯಿಸಿ ಕಲ್ಲನ್ನು ಒಡೆದರು. ಮೂರನೆಯದು ಯಾವ ಕೊಯ್ತವೂ ಇಲ್ಲದ ದಾರಿ: ಮೂತ್ರದ್ವಾರದಿಂದಲೇ ತೆಳುವಾದ ಸ್ಕೋಪನ್ನು ಮೇಲಕ್ಕೆ ಏರಿಸಿ, ಕಲ್ಲನ್ನು ಲೇಸರ್‌ನಿಂದ ಪುಡಿ ಮಾಡುವುದು.

ತಪ್ಪು ಕಲ್ಪನೆ: ಎಲ್ಲ ಕಲ್ಲಿಗೂ ಲೇಸರೇ ಒಳ್ಳೆಯದು.
ಸತ್ಯ: ಕಲ್ಲಿನ ಗಾತ್ರ, ಅದು ಕೂತಿರುವ ಜಾಗ, ಅದರ ಗಡಸುತನ ನೋಡಿ ವಿಧಾನ ನಿರ್ಧಾರವಾಗುತ್ತದೆ. 5 ಮಿ.ಮೀ.ಗಿಂತ ಚಿಕ್ಕವು ಹೆಚ್ಚಾಗಿ ತಾವೇ ಹೊರಬೀಳುತ್ತವೆ. ಕಿಡ್ನಿಯಲ್ಲಿ 2 ಸೆಂ.ಮೀ.ಗಿಂತ ದೊಡ್ಡದಿದ್ದರೆ ಸಾಮಾನ್ಯವಾಗಿ ಪಿಸಿಎನ್ಎಲ್. ಬೆನ್ನಿನ ಗಾಯ ಸುಮಾರು 1 ಸೆಂ.ಮೀ. ಮಾತ್ರ. ಗರ್ಭಿಣಿಯರಿಗೆ ಆಘಾತ ತರಂಗದ ಚಿಕಿತ್ಸೆ ಸಲ್ಲದು.

ತಪ್ಪು ಕಲ್ಪನೆ: ಬಾಳೆದಿಂಡಿನ ರಸ ಕುಡಿದರೆ ಕಲ್ಲು ಕರಗುತ್ತದೆ.
ಸತ್ಯ: ಹೆಚ್ಚಿನವರಲ್ಲಿ ಕಾಣುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು. ಅದನ್ನು ಕರಗಿಸುವ ಔಷಧಿಯೇ ಇಲ್ಲ. ಯೂರಿಕ್ ಆಸಿಡ್ ಕಲ್ಲನ್ನು ಮಾತ್ರ, ಮೂತ್ರದ ಆಮ್ಲೀಯತೆ ತಗ್ಗಿಸುವ ಔಷಧಿಯಿಂದ ಕರಗಿಸಬಹುದು. ದಿಂಡಿನ ರಸ ಕುಡಿದ ಮೇಲೆ ಬಿದ್ದ ಚಿಕ್ಕ ಕಲ್ಲು ಬರೀ ನೀರಿಗೂ ಬೀಳುತ್ತಿತ್ತು.

ತಪ್ಪು ಕಲ್ಪನೆ: ನೋವು ನಿಂತಿತು, ಕಲ್ಲು ಹೋಯಿತು.
ಸತ್ಯ: ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡೇ ಇದ್ದು ನೋವು ಅಡಗಬಹುದು. ಮೇಲೆ ಮೂತ್ರ ತುಂಬಿ ಕಿಡ್ನಿ ಊದಿಕೊಂಡು, ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ. ನೋವು ಹೋದರೂ ಸ್ಕ್ಯಾನ್ ಮಾಡಿಸಿಯೇ ನಿಶ್ಚಿಂತರಾಗಿ. ಜೊತೆಗೆ ಚಳಿಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಿ.

ತಪ್ಪು ಕಲ್ಪನೆ: ಮನೆಗೆ ಬಂದರೆ ಚಿಕಿತ್ಸೆ ಮುಗಿಯಿತು.
ಸತ್ಯ: ಕಲ್ಲು ತೆಗೆದ ಮೇಲೆ ಅನೇಕರಿಗೆ ಡಿಜೆ ಸ್ಟೆಂಟ್ ಹಾಕಿರುತ್ತಾರೆ. ಇದು ಎರಡೂ ತುದಿ ಸುರುಳಿ ಸುತ್ತಿದ ಮೆತ್ತನೆಯ ಸಣ್ಣ ಕೊಳವೆ. ಒಂದು ಸುರುಳಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ ಕೂರುತ್ತದೆ. ಅದು ಇರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಅವಸರ, ಪಕ್ಕೆಯಲ್ಲಿ ಎಳೆತ, ಮೂತ್ರದಲ್ಲಿ ತುಸು ರಕ್ತ ಸಹಜ. ವೈದ್ಯರು ಹೇಳಿದ ದಿನಕ್ಕೆ ತೆಗೆಸಿದರೆ ಕೆಲವೇ ನಿಮಿಷದ ಕೆಲಸ. ಮರೆತು ತಿಂಗಳುಗಟ್ಟಲೆ ಬಿಟ್ಟರೆ ಕೊಳವೆಯ ಮೇಲೆಯೇ ಕಲ್ಲು ಕಟ್ಟುತ್ತದೆ. ಆಗ ಮತ್ತೆ ಆಪರೇಷನ್. ಸ್ಟೆಂಟ್ ತೆಗೆಸುವ ತಾರೀಖನ್ನು ಮನೆಯವರೂ ಬರೆದಿಟ್ಟುಕೊಳ್ಳಲಿ.

ತಪ್ಪು ಕಲ್ಪನೆ: ಹಾಲು, ಮೊಸರು ಬಿಟ್ಟರೆ ಕಲ್ಲು ಮತ್ತೆ ಬಾರದು.
ಸತ್ಯ: ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದಿಡುತ್ತದೆ, ಹಾಲು ಬಿಟ್ಟರೆ ಕೆಡುಕೇ ಹೆಚ್ಚು. ತಗ್ಗಿಸಬೇಕಾದದ್ದು ಉಪ್ಪು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಬಿಸಿಲಲ್ಲಿ ದುಡಿಯುವವರು ಇನ್ನೂ ಹೆಚ್ಚು. ಹೊರಬಂದ ಕಲ್ಲನ್ನು ಎಸೆಯದೆ ಲ್ಯಾಬ್‌ಗೆ ಕೊಡಿ. ಅದು ಯಾವ ಬಗೆಯದೆಂದು ತಿಳಿದರೆ, ಮುಂದಿನ ಕಲ್ಲನ್ನು ತಡೆಯುವ ದಾರಿಯೂ ತಿಳಿಯುತ್ತದೆ.