ಅಲಂಕಾರ ಹಲಾಲ್, ಆದರೆ ಡಬ್ಬಿಯೊಳಗೇನಿದೆ?

ಸೋಪಿನಲ್ಲಿ ಹಂದಿಯ ಕೊಬ್ಬು ಇದೆಯೇ, ಸೆಂಟಿನಲ್ಲಿ ಆಲ್ಕೋಹಾಲ್ ಇದೆಯೇ ಎಂದು ಮಸೀದಿಗೆ ಬಂದು ಕೇಳುವವರು ಬಹಳ ಮಂದಿ. ಕೇಳಬೇಕಾದ ಪ್ರಶ್ನೆಯೇ. ಆದರೆ ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಪಾದರಸ ಇದೆಯೇ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಆದ್ದರಿಂದ ಈ ಜುಮುಅದ ಖುತ್ಬಾದಲ್ಲಿ ಆ ವಿಷಯವನ್ನೇ ಎತ್ತಿಕೊಂಡೆ.

ಸಹೋದರ ಸಹೋದರಿಯರೇ, ಇಸ್ಲಾಮ್ ಅಲಂಕಾರದ ವಿರೋಧಿಯಲ್ಲ. ಅಲ್ಲಾಹನು ಅನುಮತಿಸಿದ ಅಲಂಕಾರವನ್ನು ಹರಾಮ್ ಎನ್ನುವವರನ್ನು ಸೂರಃ ಅಲ್ ಅಅ್‌ರಾಫ್ ಪ್ರಶ್ನಿಸುತ್ತದೆ. ಪ್ರವಾದಿ(ಸ) ಸುಗಂಧವನ್ನು ಇಷ್ಟಪಡುತ್ತಿದ್ದರು, ತಲೆಗೆ ಎಣ್ಣೆ ಹಚ್ಚುತ್ತಿದ್ದರು, ಸುರ್ಮಾ ಹಾಕುತ್ತಿದ್ದರು. ಹೆಣ್ಣುಮಕ್ಕಳು ಪೌಡರ್ ಹಚ್ಚುವುದನ್ನು ಬೈಯಲು ನಾನು ಮಿಂಬರ್ ಹತ್ತಿಲ್ಲ. ಆದರೆ ತನಗಾಗಲಿ ಇತರರಿಗಾಗಲಿ ಹಾನಿ ಮಾಡಬಾರದೆಂಬುದೂ ಅದೇ ಪ್ರವಾದಿಯವರ(ಸ) ಬೋಧನೆ. ದೇಹ ನಮ್ಮ ಸ್ವಂತ ಆಸ್ತಿಯಲ್ಲ, ಅಮಾನತ್ತು.

ನೆರೆಯ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ಆಸ್ಪತ್ರೆಯೊಂದರಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದೇ ಜಾತಿಯ ಕಿಡ್ನಿ ಕಾಯಿಲೆಯ 22 ರೋಗಿಗಳು ವೈದ್ಯರ ಗಮನಕ್ಕೆ ಬಂದರು. ಅವರಲ್ಲಿ 15 ಮಂದಿಗೆ ಇದ್ದದ್ದು ಆ ಕಾಯಿಲೆಯ ಅಪರೂಪದ ಒಂದು ಬಗೆ. ವಿಚಾರಿಸಿದಾಗ ಆ 15ರಲ್ಲಿ 13 ಮಂದಿ ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದುದು ತಿಳಿಯಿತು. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆಗಿಳಿಯಿತು.

ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೇಗೆ ಹೋಗುತ್ತದೆ? ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದನ್ನು ಪಾದರಸ ತಡೆಯುತ್ತದೆ. ಹಾಗಾಗಿ ಸ್ವಲ್ಪ ದಿನಗಳಲ್ಲೇ ಮುಖ ಬೆಳಗಿದಂತೆ ಕಾಣುತ್ತದೆ, ನಿಲ್ಲಿಸಿದರೆ ಮತ್ತೆ ಕಪ್ಪಾಗುತ್ತದೆ. ಅದಕ್ಕೇ ಬಿಡಲು ಮನಸ್ಸು ಬರುವುದಿಲ್ಲ. ಈ ನಡುವೆ ಪಾದರಸ ಚರ್ಮದ ಮೂಲಕ ರಕ್ತಕ್ಕಿಳಿದು ಕಿಡ್ನಿಯಲ್ಲಿ ಸೇರಿಕೊಳ್ಳುತ್ತದೆ. ರಕ್ತ ಸೋಸುವ ಜರಡಿ ಹಾಳಾಗಿ ಪ್ರೋಟೀನ್ ಮೂತ್ರದಲ್ಲಿ ಸೋರತೊಡಗುತ್ತದೆ. ಇನ್ನೊಂದು ಮಾತು ತಾಯಂದಿರು ಗಮನಿಸಬೇಕು: ಪಾದರಸ ಹಚ್ಚಿಕೊಂಡವರಲ್ಲೇ ನಿಲ್ಲುವುದಿಲ್ಲ. ಟವೆಲು, ದಿಂಬಿನ ಹೊದಿಕೆ, ಆವಿಯ ಮೂಲಕ ಮಡಿಲಿನ ಮಗುವಿಗೂ ತಲುಪುತ್ತದೆ.

ಕಾನೂನು ಇಲ್ಲವೆಂದಲ್ಲ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತಿಲ್ಲ. ತಿಳಿಯದೆ ಸೇರಿಕೊಂಡದ್ದು ಕೂಡ ಹತ್ತು ಲಕ್ಷದಲ್ಲಿ ಒಂದು ಭಾಗ ಮೀರಬಾರದು. ಡಬ್ಬಿಯ ಮೇಲೆ ತಯಾರಕರ ಹೆಸರು ವಿಳಾಸ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ದಿನಾಂಕ, ಬೆರೆಸಿದ ವಸ್ತುಗಳ ಪಟ್ಟಿ ಇರಬೇಕು. ಇಲ್ಲಿ ತಯಾರಾದದ್ದಾದರೆ 'ಎಂ' ಅಕ್ಷರದಿಂದ ಆರಂಭವಾಗುವ ಪರವಾನಗಿ ಸಂಖ್ಯೆ, ಹೊರದೇಶದ್ದಾದರೆ ಆಮದು ನೋಂದಣಿ ಸಂಖ್ಯೆ ಮತ್ತು ಆಮದುದಾರರ ವಿಳಾಸ. ಕ್ಯಾಲೊಮೆಲ್, ಮರ್ಕ್ಯುರಿ ಎಂಬ ಹೆಸರುಗಳು ಕಂಡರೆ ಮುಟ್ಟಬೇಡಿ. ವಿಷ ಬೆರೆಸಿದವನು ಅದನ್ನು ಬರೆಯುವುದೇ ಅಪರೂಪ, ಆದ್ದರಿಂದ ವಿಳಾಸವೇ ಇಲ್ಲದ ಡಬ್ಬಿಯನ್ನು ಮೊದಲು ಅನುಮಾನಿಸಿ.

ಗಲ್ಫ್‌ನಿಂದ ಬಂದ ಬಂಧು ಪ್ರೀತಿಯಿಂದ ಕೊಟ್ಟದ್ದು, ಫ್ಯಾನ್ಸಿ ಅಂಗಡಿಯವರು ಒಳಗಿನಿಂದ ತೆಗೆದು ಕೊಟ್ಟದ್ದು ಹೆಚ್ಚಾಗಿ ಇಂಥದ್ದೇ. ಕ್ರೀಮ್ ಮಾರಲು ಅಂಗಡಿಯವರಿಗೆ ಔಷಧ ಅಂಗಡಿಯಂತೆ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. ಹಾಗಾಗಿ ವ್ಯಾಪಾರಿ ಸಹೋದರರ ಹೊಣೆ ಇನ್ನೂ ಭಾರ. ಧಾನ್ಯದ ರಾಶಿಯೊಳಗೆ ಕೈಯಿಟ್ಟ ಪ್ರವಾದಿಯವರಿಗೆ(ಸ) ಒಳಗೆ ಒದ್ದೆ ಸಿಕ್ಕಿದ ಘಟನೆ ನಿಮಗೆ ಗೊತ್ತು. ಅಲ್ಲಿ ಕೆಟ್ಟದ್ದು ಧಾನ್ಯ ಮಾತ್ರ. ಇಲ್ಲಿ ಕೆಡುವುದು ಒಂದು ಹೆಣ್ಣುಮಗುವಿನ ಕಿಡ್ನಿ.

ಅಷ್ಟಕ್ಕೂ ಆ ಹೆಣ್ಣುಮಗು ಕ್ರೀಮಿನ ಕಡೆ ಕೈಚಾಚಿದ್ದು ಏಕೆ? ಹುಡುಗಿ ನೋಡಲು ಹೋದ ನಮ್ಮ ಉಮ್ಮಂದಿರು, ಅಕ್ಕಂದಿರು ದೀನನ್ನು ವಿಚಾರಿಸುವ ಮೊದಲು ಬಣ್ಣ ನೋಡುತ್ತಾರೆ. ಬಿಳಿಯನಿಗೆ ಕರಿಯನ ಮೇಲೆ ಶ್ರೇಷ್ಠತೆಯಿಲ್ಲ ಎಂಬ ಪ್ರವಾದಿ(ಸ) ಬೋಧನೆಯನ್ನು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುವ ನಾವೇ ಮನೆಗೆ ಬಂದು ಸೊಸೆ ಬೆಳ್ಳಗಿರಬೇಕು ಎನ್ನುತ್ತೇವೆ. ಹುಡುಗನ ಬಣ್ಣವನ್ನು ಯಾರೂ ಕೇಳುವುದಿಲ್ಲ, ನೋಡಿ.

ಸುರ್ಮಾದ ಬಗ್ಗೆಯೂ ಹೇಳಲೇಬೇಕು. ಹದೀಸ್‌ಗಳಲ್ಲಿ ಹೊಗಳಿಕೆ ಇರುವುದು ಇಸ್ಮಿದ್‌ಗೆ. ಇಂದು ಪೇಟೆಯಲ್ಲಿ ಸುರ್ಮಾ ಎಂದು ಸಿಗುವ ಹೊಳೆಯುವ ಕಲ್ಲಿನ ಪುಡಿ ಅನೇಕ ಸಲ ಸೀಸದ ಅದಿರು. ಹೆಸರು ಸುನ್ನತ್ತಿನದ್ದಾದ ಮಾತ್ರಕ್ಕೆ ಸೀಸ ಸುನ್ನತ್ತಾಗುವುದಿಲ್ಲ. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ಅಡ್ಡಿಯಾಗುತ್ತದೆ, ಮಕ್ಕಳಿಗೆ ಇಷ್ಟಾದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲ. ಉಮ್ರಾದಿಂದ ತಂದದ್ದೆಂಬ ಗೌರವಕ್ಕೆ ಹಸುಗೂಸಿನ ಕಣ್ಣಿಗೆ ಹಚ್ಚಬೇಡಿ.

ಈಗಾಗಲೇ ಇಂಥ ಕ್ರೀಮ್ ಹಚ್ಚುತ್ತಿದ್ದವರು ಗಾಬರಿಪಡಬೇಕಿಲ್ಲ. ಕೋಟ್ಟಕ್ಕಲ್‌ನ ರೋಗಿಗಳಲ್ಲಿ ಹೆಚ್ಚಿನವರು ಕ್ರೀಮ್ ನಿಲ್ಲಿಸಿದ ಮೇಲೆ ಚೇತರಿಸಿಕೊಂಡಿದ್ದಾರೆ. ಇಂದೇ ನಿಲ್ಲಿಸಿ. ಮುಖ ಅಥವಾ ಕಾಲು ಊದಿಕೊಂಡಿದ್ದರೆ, ಮೂತ್ರದಲ್ಲಿ ನೊರೆ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ. ಕ್ರೀಮ್ ಹಚ್ಚಿದ್ದನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ವೈದ್ಯರಿಗೆ ಅದು ತಿಳಿಯದಿದ್ದರೆ ಕಾಯಿಲೆಯ ಮೂಲ ಸಿಗುವುದಿಲ್ಲ. ಡಬ್ಬಿಯನ್ನು ಬಿಸಾಡದೆ ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಗೆ ಕೊಂಡೊಯ್ಯಿರಿ. ಎಲ್ಲಿ ಕೊಂಡದ್ದೆಂದು ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೂ ಬರೆದು ತಿಳಿಸಿ.