ಕಣ್ಣು ಮಂಜಾದರೆ ಕನ್ನಡಕವೊಂದೇ ಮದ್ದಲ್ಲ

ಕಣ್ಣು ಸ್ವಲ್ಪ ಮಂಜಾಯಿತೆಂದರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಕನ್ನಡಕದ ಅಂಗಡಿಯನ್ನು. ಕೆಲವರು ಅದನ್ನೂ ಮಾಡುವುದಿಲ್ಲ. ‘ವಯಸ್ಸಾಯಿತಲ್ಲ, ಇನ್ನೇನು’ ಎಂದು ಸುಮ್ಮನಾಗುತ್ತಾರೆ. ಎಷ್ಟೋ ಸಲ ಇದರಿಂದ ಏನೂ ಕೆಡುವುದಿಲ್ಲ ಎಂಬುದೂ ನಿಜ. ಆದರೆ ದೃಷ್ಟಿಯಲ್ಲಾಗುವ ಬದಲಾವಣೆಗಳೆಲ್ಲ ಒಂದೇ ಬಗೆಯವಲ್ಲ. ಬಿಡುವು ಮಾಡಿಕೊಂಡು ತೋರಿಸಿದರೆ ಸಾಕಾಗುವಂಥವು ಇವೆ. ಒಂದು ಗಂಟೆಯೂ ತಡ ಮಾಡಬಾರದಂಥವೂ ಇವೆ. ‘ನೋವಿಲ್ಲವಲ್ಲ’ ಎಂಬ ಧೈರ್ಯದ ಮೇಲೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೇ ಅಪಾಯಕ್ಕೆ ದಾರಿ. ದೃಷ್ಟಿಯನ್ನು ಕಸಿಯುವ ಹಲವು ಕಾಯಿಲೆಗಳಲ್ಲಿ ನೋವೇ ಇರುವುದಿಲ್ಲ.

ಕನ್ನಡಕ ಏನು ಮಾಡುತ್ತದೆ?

ಬೆಳಕು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾವನ್ನು ಹಾದು, ಪಾಪೆಯ ಮೂಲಕ ಒಳಹೊಕ್ಕು, ಮಸೂರದಲ್ಲಿ ಬಾಗಿ, ಹಿಂಭಾಗದ ಅಕ್ಷಿಪಟಲದ ಮೇಲೆ ಬೀಳುತ್ತದೆ. ಅಲ್ಲಿ ಮೂಡಿದ ಬಿಂಬದ ಸುದ್ದಿಯನ್ನು ದೃಷ್ಟಿನರ ಮಿದುಳಿಗೆ ಒಯ್ಯುತ್ತದೆ. ಕನ್ನಡಕ ಸರಿಪಡಿಸುವುದು ಬೆಳಕು ಬಾಗುವುದರಲ್ಲಿನ ದೋಷವನ್ನು ಮಾತ್ರ. ಅಕ್ಷಿಪಟಲ ಹಾಳಾಗಿದ್ದರೆ, ನರ ಸೊರಗಿದ್ದರೆ ಎಷ್ಟೇ ದುಬಾರಿ ಕನ್ನಡಕ ಹಾಕಿದರೂ ಪ್ರಯೋಜನವಿಲ್ಲ. ಆದ್ದರಿಂದ ಹೊಸ ಕನ್ನಡಕದಲ್ಲೂ ದೃಷ್ಟಿ ತಿಳಿಯಾಗದಿದ್ದರೆ ಇನ್ನೊಂದು ಅಂಗಡಿಗೆ ಹೋಗಬೇಡಿ. ನೇತ್ರತಜ್ಞರ ಬಳಿಗೆ ಹೋಗಿ.

ಚಾಳೀಸು ಮತ್ತು ಪೊರೆ

ನಲವತ್ತು ದಾಟುತ್ತಿದ್ದಂತೆ ಪತ್ರಿಕೆಯನ್ನು ದೂರ ಹಿಡಿದು ಓದುವುದು, ಸೂಜಿಗೆ ದಾರ ಪೋಣಿಸಲು ಮಕ್ಕಳನ್ನು ಕರೆಯುವುದು ಆರಂಭವಾಗುತ್ತದೆ. ಇದೇ ಚಾಳೀಸು. ವಯಸ್ಸಾದಂತೆ ಮಸೂರ ಗಡುಸಾಗಿ, ಹತ್ತಿರದ ವಸ್ತುವಿಗೆ ತಕ್ಕಂತೆ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದು ಕಾಯಿಲೆಯಲ್ಲ, ಈ ಅಂಕಣ ಬರೆಯುವವನಿಗೂ ಬಂದಿದೆ. ಕನ್ನಡಕ ಹಾಕಿದರೆ ನಂಬರು ಏರುತ್ತಾ ಹೋಗುತ್ತದೆಂಬ ಭಯ ಬೇಡ. ಹಾಕಿದರೂ ಹಾಕದಿದ್ದರೂ ಕೆಲವು ವರ್ಷ ಅದು ಏರಿಯೇ ಏರುತ್ತದೆ.

ಅದೇ ಮಸೂರ ಮಬ್ಬಾದರೆ ಅದು ಪೊರೆ. ಬಣ್ಣಗಳು ಮಾಸಿದಂತೆ ಕಾಣುವುದು, ರಾತ್ರಿ ಎದುರಿನ ವಾಹನದ ದೀಪಕ್ಕೆ ಕಣ್ಣು ಕೋರೈಸುವುದು ಇದರ ಲಕ್ಷಣಗಳು. ಕೆಲವು ಹಿರಿಯರು, ‘ಈಗ ಕನ್ನಡಕವಿಲ್ಲದೆಯೇ ಓದಬಲ್ಲೆ’ ಎಂದು ಹಿಗ್ಗುವುದುಂಟು. ಪೊರೆ ಬೆಳೆಯುವಾಗ ಮಸೂರದ ಶಕ್ತಿ ಬದಲಾಗಿ ಹೀಗಾಗಿರಬಹುದು. ಈ ಭಾಗ್ಯ ಬಹುಕಾಲ ಉಳಿಯದು. ‘ಪೊರೆ ಹಣ್ಣಾಗಲಿ, ಆಮೇಲೆ ತೆಗೆಸೋಣ’ ಎಂಬ ಮಾತು ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ ಲಕ್ಷಾಂತರ ಜನರಿಗೆ ಶಸ್ತ್ರಕ್ರಿಯೆ ಮಾಡುತ್ತಿದ್ದ ಕಾಲದ್ದು. ಈಗ ಹಣ್ಣಾಗುವವರೆಗೆ ಕಾಯಬೇಕಿಲ್ಲ. ಪೊರೆಯಿಂದ ನಿತ್ಯದ ಕೆಲಸಕ್ಕೆ ತೊಡಕಾದರೆ ಸಾಕು, ಅದನ್ನು ತೆಗೆದು ಕೃತಕ ಮಸೂರ ಕೂರಿಸುತ್ತಾರೆ. ಆದರೆ ಪೊರೆಯನ್ನು ಕರಗಿಸುವ ಹನಿಯಾಗಲಿ, ಮಾತ್ರೆಯಾಗಲಿ ಇಲ್ಲ.

ಸದ್ದಿಲ್ಲದ ಕಳ್ಳರು

ಪೊರೆಯಿಂದ ಹೋದ ದೃಷ್ಟಿಯನ್ನು ಸಾಮಾನ್ಯವಾಗಿ ಮರಳಿ ಪಡೆಯಬಹುದು. ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ. ಕಣ್ಣೊಳಗೆ ಸದಾ ಒಂದು ದ್ರವ ಉತ್ಪತ್ತಿಯಾಗಿ ಹೊರಹರಿಯುತ್ತಿರುತ್ತದೆ. ಹೊರಹರಿವು ಕುಂದಿದರೆ ಒತ್ತಡ ಹೆಚ್ಚಿ ದೃಷ್ಟಿನರ ನಶಿಸುತ್ತದೆ. ಕೆಲವರಲ್ಲಿ ಒತ್ತಡ ಹೆಚ್ಚದೆಯೂ ನರ ಹಾಳಾಗಬಹುದು. ಮೊದಲು ಹೋಗುವುದು ಅಂಚಿನ ನೋಟ. ಎದುರಿನ ಅಕ್ಷರ ಚೆನ್ನಾಗಿಯೇ ಕಾಣುವುದರಿಂದ ರೋಗಿಗೆ ಅನುಮಾನವೇ ಬರುವುದಿಲ್ಲ. ಬಾಗಿಲ ಚೌಕಟ್ಟಿಗೆ ತೋಳು ತಾಗುವುದು, ಪಕ್ಕದಿಂದ ಬಂದ ಸೈಕಲ್ ಕಾಣದಿರುವುದು ಶುರುವಾಗುವ ಹೊತ್ತಿಗೆ ಸಾಕಷ್ಟು ನಷ್ಟವಾಗಿರುತ್ತದೆ. ‘ಇಷ್ಟು ದಿನ ಹನಿ ಹಾಕಿದರೂ ಕಣ್ಣು ಸುಧಾರಿಸಲಿಲ್ಲ’ ಎಂದು ಔಷಧಿ ಬಿಟ್ಟುಬಿಡುವವರಿದ್ದಾರೆ. ಹನಿ ಇರುವುದು ಉಳಿದ ದೃಷ್ಟಿಯನ್ನು ಕಾಯುವುದಕ್ಕೆ, ಹೋದದ್ದನ್ನು ತರುವುದಕ್ಕಲ್ಲ. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಅವರ ಒಡಹುಟ್ಟಿದವರು, ಮಕ್ಕಳು ಕೂಡ ತಪಾಸಣೆ ಮಾಡಿಸಿಕೊಳ್ಳಬೇಕು. ಉಳಿದವರೂ ಚಾಳೀಸಿಗೆ ಮೊದಲ ಸಲ ಕನ್ನಡಕ ಕೊಳ್ಳುವಾಗಲೇ ನೇತ್ರತಜ್ಞರಿಂದ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ಮಾಡಿಸಿಕೊಂಡರೆ ಒಳಿತು.

ಎರಡನೆಯ ಕಳ್ಳ ಸಕ್ಕರೆ ಕಾಯಿಲೆ. ಇದರಲ್ಲಿ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳು ಸೋರುತ್ತವೆ, ಕಟ್ಟಿಕೊಳ್ಳುತ್ತವೆ. ಮುಂದೆ ದುರ್ಬಲವಾದ ಹೊಸ ನಾಳಗಳು ಹುಟ್ಟಿ ಒಡೆಯುತ್ತವೆ. ಇಷ್ಟೆಲ್ಲ ನಡೆಯುತ್ತಿದ್ದರೂ ಬಹುಕಾಲ ದೃಷ್ಟಿ ಸರಿಯಾಗಿಯೇ ಇರಬಹುದು. ದೊಡ್ಡವರಲ್ಲಿ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆ ಪತ್ತೆಯಾದೊಡನೆ ಒಮ್ಮೆ, ನಂತರ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ಕಣ್ಣು ತೋರಿಸಬೇಕು. ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜಾಗುವುದರಿಂದ ಸ್ಕೂಟರ್ ಒಯ್ಯಬೇಡಿ, ಮನೆಯವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಇನ್ನೊಂದು ಮಾತು: ರಕ್ತದಲ್ಲಿ ಸಕ್ಕರೆ ಏರಿಳಿದರೆ ಕನ್ನಡಕದ ನಂಬರೂ ಏರಿಳಿಯುತ್ತದೆ. ಪದೇ ಪದೇ ನಂಬರು ಬದಲಾಗುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ; ಸಕ್ಕರೆ ಹತೋಟಿಗೆ ಬಂದು ಕೆಲವು ವಾರ ಕಳೆದ ಮೇಲೆ ಕನ್ನಡಕ ಕೊಳ್ಳಿ.

ಇಂಥವಕ್ಕೆ ತಡ ಬೇಡ

• ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದಂತೆ ಹೋಗುವುದು. ಅಕ್ಷಿಪಟಲದ ರಕ್ತನಾಳ ಕಟ್ಟಿರಬಹುದು. ಆಗ ಗಂಟೆಗಳ ಲೆಕ್ಕ. ಕೆಲವು ನಿಮಿಷದಲ್ಲಿ ದೃಷ್ಟಿ ಮರಳಿ ಬಂದರೂ ಅಂದೇ ಆಸ್ಪತ್ರೆಗೆ ಹೋಗಿ. ಅದು ಪಾರ್ಶ್ವವಾಯುವಿನ ಮುನ್ಸೂಚನೆಯಾಗಿರಬಹುದು.

• ಮಿಂಚು ಹೊಡೆದಂತಾಗಿ, ಕರಿ ಚುಕ್ಕೆಗಳ ಹಿಂಡೇ ಹಾರಿದಂತೆ ಕಂಡು, ಪಕ್ಕದಿಂದ ಪರದೆ ಎಳೆದಂತೆ ನೋಟ ಮುಚ್ಚುವುದು. ಅಕ್ಷಿಪಟಲ ಹರಿದು ಕಳಚಿಕೊಳ್ಳುವಾಗ ಹೀಗಾಗುತ್ತದೆ. ಸಮೀಪದೃಷ್ಟಿ ದೋಷಕ್ಕೆ ದಪ್ಪ ಕನ್ನಡಕ ಹಾಕುವವರಲ್ಲಿ, ಕಣ್ಣಿಗೆ ಪೆಟ್ಟು ಬಿದ್ದವರಲ್ಲಿ ಈ ಸಂಭವ ಹೆಚ್ಚು. ವರ್ಷಗಳಿಂದ ಇರುವ ಒಂದೆರಡು ಚುಕ್ಕೆಗಳಿಗೆ ಹೆದರಬೇಕಿಲ್ಲ.

• ಕಣ್ಣು ಕೆಂಪಾಗಿ, ತೀವ್ರ ನೋವು, ಮಂಜು, ದೀಪದ ಸುತ್ತ ಬಣ್ಣದ ಉಂಗುರ, ಜೊತೆಗೆ ವಾಂತಿ. ‘ಪಿತ್ತ’ವೆಂದೋ ಅರೆತಲೆನೋವೆಂದೋ ಕಷಾಯ ಕುಡಿದು ಮಲಗಬೇಡಿ. ಇದು ಏಕಾಏಕಿ ಬರುವ ಗ್ಲಾಕೋಮಾ ಇರಬಹುದು.

• ಒಂದು ವಸ್ತು ಹಠಾತ್ತನೆ ಎರಡಾಗಿ ಕಾಣುವುದು. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಇದ್ದರಂತೂ ನೇರ ದೊಡ್ಡ ಆಸ್ಪತ್ರೆಗೆ ಹೊರಡಿ.

• ಕಿಟಕಿಯ ನೆಟ್ಟಗಿನ ಸರಳು ಡೊಂಕಾಗಿ ಕಾಣುವುದು. ಅಕ್ಷಿಪಟಲದ ನಡುಭಾಗದಲ್ಲಿ ತೊಂದರೆಯಿರಬಹುದು. ಒಂದೆರಡು ದಿನದೊಳಗೆ ತೋರಿಸಿ.

• ಭತ್ತದ ಗರಿ, ಕಡ್ಡಿ ತಾಗಿ ಕಣ್ಣು ಕೆಂಪಾಗಿ ಮಂಜಾಗುವುದು. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಹಾಕಬೇಡಿ. ಹಳೆಯ ಸೀಸೆಯ ಸ್ಟಿರಾಯ್ಡ್ ಹನಿಯಂತೂ ಬೇಡವೇ ಬೇಡ, ಹುಣ್ಣು ಉಲ್ಬಣಿಸುತ್ತದೆ.

• ಎಲೆಯಡಿಕೆಯ ಸುಣ್ಣವೋ ಆಸಿಡ್ಡೋ ಬಿದ್ದರೆ ಮೊದಲು ನಿಂತಲ್ಲೇ, ರೆಪ್ಪೆ ಬಿಡಿಸಿ, ಶುದ್ಧ ನೀರು ಸುರಿದು ಕನಿಷ್ಠ 20 ನಿಮಿಷ ತೊಳೆಯಿರಿ. ಆಸ್ಪತ್ರೆಗೆ ಹೊರಡುವುದು ಆಮೇಲೆ.

ಮಕ್ಕಳು ಹೇಳುವುದಿಲ್ಲ

ಹುಟ್ಟಿನಿಂದ ಮಂಜಾಗಿ ಕಂಡ ಮಗುವಿಗೆ ಲೋಕವೇ ಹಾಗೆ. ಟಿ.ವಿ.ಗೆ ಮೂಗು ತಾಗಿಸಿ ಕೂರುವುದು, ಕರಿಹಲಗೆಯದನ್ನು ಬಿಟ್ಟು ಪಕ್ಕದವನ ಪುಸ್ತಕ ನೋಡಿ ಬರೆಯುವುದು, ತಲೆ ವಾಲಿಸಿ ನೋಡುವುದು ಕಂಡರೆ ಗದರಿಸಬೇಡಿ, ಪರೀಕ್ಷೆ ಮಾಡಿಸಿ. ‘ಮೆಳ್ಳೆಗಣ್ಣು ಅದೃಷ್ಟ’ ಎಂದು ಕೂರುವುದೂ ತಪ್ಪು. ಸರಿಯಾಗಿ ಕಾಣದ ಕಣ್ಣನ್ನು ಮಿದುಳು ನಿಧಾನವಾಗಿ ಕಡೆಗಣಿಸುತ್ತದೆ. ಏಳೆಂಟು ವಯಸ್ಸಿನೊಳಗೆ ಚಿಕಿತ್ಸೆ ಆರಂಭಿಸಿದರೆ ಹೆಚ್ಚು ಫಲ. ಆಮೇಲೆ ಅದು ಕಷ್ಟ. ಮಗುವಿನ ಪಾಪೆಯೊಳಗೆ ಬಿಳಿ ಹೊಳಪು ಕಂಡರೆ ಒಂದು ದಿನವೂ ಕಾಯಬೇಡಿ. ಅದು ಪೊರೆಯಿರಬಹುದು, ಕಣ್ಣಿನ ಕ್ಯಾನ್ಸರೂ ಇರಬಹುದು. ಬೇಗ ಪತ್ತೆಯಾದರೆ ಆ ಕ್ಯಾನ್ಸರಿಗೂ ಒಳ್ಳೆಯ ಚಿಕಿತ್ಸೆಯಿದೆ.

ಗೋಡೆಯ ಕ್ಯಾಲೆಂಡರ್ ಪರೀಕ್ಷೆ

ಎರಡೂ ಕಣ್ಣು ತೆರೆದಿರುವಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಹಾಕುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ, ಕ್ಯಾಲೆಂಡರಿನ ಹಾಳೆ ತಿರುಗಿಸುವ ದಿನ, ದೂರ ನೋಡಲು ಕನ್ನಡಕವಿದ್ದರೆ ಹಾಕಿಕೊಂಡು ಎಂಟು ಹತ್ತು ಅಡಿ ದೂರ ನಿಲ್ಲಿ. ಒಂದು ಕಣ್ಣನ್ನು ಅಂಗೈಯಿಂದ, ಒತ್ತದೆ, ಮುಚ್ಚಿ ದಿನಾಂಕಗಳನ್ನು ಓದಿ. ಆಮೇಲೆ ಇನ್ನೊಂದನ್ನು ಮುಚ್ಚಿ. ಕಿಟಕಿಯ ಸರಳನ್ನೂ ಹಾಗೆಯೇ ನೋಡಿ. ಎರಡು ಕಣ್ಣಿಗೂ ವ್ಯತ್ಯಾಸವಿದ್ದರೆ, ಕಳೆದ ತಿಂಗಳು ಕಂಡದ್ದು ಈಗ ಕಾಣದಿದ್ದರೆ ನೇತ್ರತಜ್ಞರಿಗೆ ತೋರಿಸಿ. ಎಲ್ಲವೂ ಸರಿಯಾಗಿ ಕಂಡಿತೆಂದು ಸಕ್ಕರೆ ಕಾಯಿಲೆಯವರು ವರ್ಷದ ತಪಾಸಣೆ ತಪ್ಪಿಸುವಂತಿಲ್ಲ. ಗ್ಲಾಕೋಮಾ ಕೂಡ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ.

ಹಾಗೆಯೇ, ಮನೆಯ ಹಿರಿಯರನ್ನು ನಿಲ್ಲಿಸಿ ಈ ಪರೀಕ್ಷೆ ಮಾಡಿಸುವ ಕೆಲಸವನ್ನು ಓದುವ ಮಕ್ಕಳಿಗೆ ವಹಿಸಿ. ಮಕ್ಕಳಿಗೆ ಖರ್ಚು ತಂದಿಡಬಾರದೆಂದು ಕಣ್ಣು ಮಂಜಾದದ್ದನ್ನು ಹೇಳದೆ ನುಂಗಿಕೊಳ್ಳುವ ಅಜ್ಜ ಅಜ್ಜಿಯರು ನಮ್ಮಲ್ಲಿ ಬಹಳ. ಸರಕಾರಿ ಆಸ್ಪತ್ರೆಗಳಲ್ಲಿ, ಕಣ್ಣಿನ ಶಿಬಿರಗಳಲ್ಲಿ ಪೊರೆಯ ಶಸ್ತ್ರಕ್ರಿಯೆ ಉಚಿತವಾಗಿಯೂ ನಡೆಯುತ್ತದೆ ಎಂಬುದನ್ನು ಅವರಿಗೆ ತಿಳಿಸಿ. ಅವರು ಬಾಯಿಬಿಟ್ಟು ಹೇಳುವವರೆಗೆ ಕಾಯದೆ ನೀವೇ ವಿಚಾರಿಸಿ.